ಬುದ್ಧೀ, ದಾರಿ ಬುಡಿ

ನಗಬಾರದ ಜಾಗದಲ್ಲೇ ನನಗೆ ನಗು ಬರುವಂಥದ್ದು ಏನಾದರೂ ನಡೆಯುತ್ತದೆ. ಹಣೆಬರಹ ಅನ್ನೋಣವೆಂದರೆ ನಾನು ಹಣೆಬರಹ ನಂಬುವವಳಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಆಮೇಲೆ ಓದಿದ್ದೆಲ್ಲ ಬೋಂಡಾ ಕಟ್ಟಿಕೊಟ್ಟ ಪೇಪರು, ಕಚೇರಿಯ ನೋಟೀಸು, ಕೈಗೆ ಸಿಕ್ಕ ಪುಸ್ತಕ. ಮದ್ದೂರಿಗೂ ಮಳವಳ್ಳಿಗೂ ನಡುವೆ ಇರುವ ನಮ್ಮ ಹಳ್ಳಿಯಿಂದ ವಾರಕ್ಕೆ ಮೂರು ಸಲ ಬಸ್ಸು ಹತ್ತಿ, ಯಾರದಾದರೂ ಅರ್ಜಿ ಹಿಡಿದು, ಯಾವುದಾದರೂ ಮೇಜಿನ ಮುಂದೆ ನಿಲ್ಲುತ್ತೇನೆ. ಹಾಗಾಗಿ ನನಗೆ ಅರ್ಜಿಯಮ್ಮ ಎಂದೇ ಹೆಸರು. ಹೊಸದಾಗಿ ಬಂದ ಗುಮಾಸ್ತನೊಬ್ಬ "ನಾಳೆ ಅರ್ಜಿಯಮ್ಮ ಬರ್ತಾಳೆ" ಅನ್ನುವುದನ್ನು ಕೇಳಿ, "ಯಾವೂರ ದೇವ್ರು ಸಾರ್, ರಜಾ ಕೊಡ್ತಾರಾ?" ಎಂದನಂತೆ.

"ಎಲ್ಲಾ ಧರ್ಮವೂ ಒಂದೇ, ಎಲ್ಲವೂ ನಿಜ" ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ಹೇಳಬೇಕಾದರೆ ನಮ್ಮವ್ವ ತೀರಿಕೊಂಡ ವರ್ಷದ ಸಂಗತಿ ಹೇಳಬೇಕು.

ನಮ್ಮ ಕಾಲೋನಿಯಿಂದ ಸ್ಮಶಾನಕ್ಕೆ ನೆಟ್ಟಗೆ ಹೋದರೆ ಹತ್ತು ನಿಮಿಷ. ತಾತನ ಕಾಲದಿಂದ ಅದೇ ದಾರಿ. ಕೆಲವು ವರ್ಷದ ಹಿಂದೆ ಪಕ್ಕದ ಗದ್ದೆಯ ಗೌಡರು ಆ ದಾರಿಯನ್ನೂ ಉತ್ತು, ಕಲ್ಲುಕಂಬ ನೆಟ್ಟು, ತಂತಿಬೇಲಿ ಎಳೆದರು. ಅಂದಿನಿಂದ ನಮ್ಮ ಹೆಣಗಳು ನಾಲೆ ಏರಿಯ ಮೇಲೆ ಒಂದು ಗಂಟೆ ಸುತ್ತಿ ಹೋಗುತ್ತವೆ. ಅವ್ವ ಹಾಸಿಗೆ ಹಿಡಿದಾಗ ನನ್ನಿಂದ ಒಂದೇ ಮಾತು ತೆಗೆದುಕೊಂಡಳು. "ನಿಮ್ಮಪ್ಪ ನೆಟ್ಟಗೋದ. ನಾನೂ ನೆಟ್ಟಗೇ ಓಯ್ತೀನಿ ಕಣಮ್ಮಿ. ನನ್ನ ನಾಲೆ ಏರಿ ಮ್ಯಾಲೆ ಸುತ್ತಾಡಿಸ್ಬ್ಯಾಡ."

ಆಗಲಿ ಎಂದೆ. ಊರಿಗೆಲ್ಲ ಅರ್ಜಿ ಬರೆಯುವವಳು ಇನ್ನೇನು ಅನ್ನಲಿ.

ಯಾವೂರ ಗೌಡ್ರು

ನಮ್ಮ ಕಡೆ ಹಳಬರು ಜಮೀನುದಾರರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಬುದ್ಧೀ" ಅನ್ನುತ್ತಿದ್ದರು. ಕೇಳಲು ಸಣ್ಣ ಮಾತು. ಆದರೆ ಅದನ್ನು ಅಂದಾಗ ಬೆನ್ನು ತಾನಾಗಿಯೇ ಬಾಗುತ್ತದೆ, ಕಾಲಿನ ಚಪ್ಪಲಿ ಕೈಗೆ ಬರುತ್ತದೆ. ನಾನು ಜಗಳ ಶುರು ಮಾಡಿದ್ದೇ ಆ ಮಾತಿನ ಮೇಲೆ. ನಮ್ಮ ಮನೆಯಲ್ಲಿ ಅದಕ್ಕೆ ಬಹಿಷ್ಕಾರ. "ಗೌಡ್ರೇ ಅನ್ನವ್ವ, ಸಾಕು" ಎಂದು ಅವ್ವನ ಬಾಯಿ ತಿದ್ದಿ ತಿದ್ದಿ ಸುಸ್ತಾಗಿದ್ದೆ.

ಮಂಡ್ಯದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ದಿನ ಒಂದು ಫೋಟೊ ತಂದು ಗೋಡೆಗೆ ಹಾಕಿದೆ. ಅವ್ವನಿಗೆ ಕಿವಿ ಮಂದ.

"ಯಾರಮ್ಮಿ ಇವ್ರು?"

"ಬುದ್ಧ."

ಅವ್ವ ತಕ್ಷಣ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು. ಆಮೇಲೆ ನನ್ನ ಕಡೆ ತಿರುಗಿದಳು. "ಬುದ್ಧೀ ಅನ್ಬ್ಯಾಡ ಅಂತ ಇಷ್ಟು ವರ್ಸ ನನ್ ಬಾಯಿ ಮುಚ್ಚಿಸ್ದೆ. ಈಗ ನೀನೇ ಒಬ್ರನ್ನ ತಂದು ಗೋಡೆಗೆ ನೇತಾಕಿದ್ದೀಯಲ್ಲ. ಯಾವೂರ ಗೌಡ್ರು?"

ನಾನು ಕೂತು ಹೇಳಿದೆ. ರಾಜನ ಮಗ, ಮನೆ ಬಿಟ್ಟು ಹೋದವನು, ಮೇಲು ಕೀಳು ಇಲ್ಲ ಅಂದವನು, ದೇವರ ಗೊಡವೆಯೇ ಬೇಡ ಅಂದವನು. ಅವ್ವ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

"ಜಮೀನೂ ಬುಟ್ಟೋದ್ರಾ?"

"ಎಲ್ಲಾ ಬಿಟ್ಟು ಹೋದರು."

"ಅಂಗಾದ್ರೆ ಗೌಡ್ರಲ್ಲ ಬುಡು."

ಆದರೂ ಅವಳ ಬಾಯಲ್ಲಿ ಆತ ಕಡೆತನಕ ಬುದ್ಧಿಯಾಗಿಯೇ ಉಳಿದ.

ಎಲೆಅಡಿಕೆ ಚೀಲ

ಮಂಡ್ಯದ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಮೊದಲು ಮೈಮೇಲಿರುವುದೆಲ್ಲ ತೆಗೆಯಿರಿ ಎಂದರು. ಅವ್ವನ ಕತ್ತಿನಿಂದ ದರ್ಗಾದ ತಾಯತ ಬಂತು, ತೋಳಿನಿಂದ ಮಾರಮ್ಮನ ಅರಿಶಿನದ ದಾರ. ಎಲೆಅಡಿಕೆ ಚೀಲ ಬಿಚ್ಚಿದರೆ ವೈದ್ಯನಾಥಪುರದ ವಿಭೂತಿ ಪೊಟ್ಟಣ, ಯಾವುದೋ ಪ್ರಾರ್ಥನೆಯಲ್ಲಿ ಕೊಟ್ಟ ಎಣ್ಣೆಯ ಸಣ್ಣ ಶೀಶೆ, ಅದರ ಕೆಳಗೆ ನಾನು ದೀಕ್ಷೆಯ ದಿನ ತಂದಿದ್ದ ಬಿಳಿ ದಾರದ ತುಂಡು. ಅದನ್ನು ಯಾವಾಗ ಕದ್ದಳೋ ಗೊತ್ತಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತು ನಾನು ರೇಗಿದೆ. "ಅವ್ವ, ಒಬ್ಬರು ಸತ್ತ ಮೇಲೆ ಮತ್ತೆ ಹುಟ್ಟುತ್ತೀಯ ಅಂತಾರೆ. ಇನ್ನೊಬ್ಬರು ಇಲ್ಲ, ಹುಟ್ಟೋದು ಒಂದೇ ಸಲ, ಕಡೆಯ ದಿನ ಎದ್ದು ಲೆಕ್ಕ ಒಪ್ಪಿಸಬೇಕು ಅಂತಾರೆ. ನಾನು ಎರಡೂ ಇಲ್ಲ ಅಂತೀನಿ. ಮೂರೂ ಹೆಂಗೆ ದಿಟ ಆಗ್ತವೆ? ಒಂದು ದಿಟ ಆದ್ರೆ ಮಿಕ್ಕ ಎರಡು ಸುಳ್ಳು. ಇಲ್ಲಾಂದ್ರೆ ಮೂರೂ ಸುಳ್ಳು. ನೀನು ಯಾವುದನ್ನ ನಂಬಿದ್ದೀಯ ಹೇಳು."

ಅವ್ವ ತಾಯತ ಮತ್ತೆ ಕತ್ತಿಗೆ ಕಟ್ಟಿಕೊಳ್ಳುತ್ತಾ ಇದ್ದಳು. ಪಕ್ಕದಲ್ಲಿದ್ದ ಮಾತ್ರೆಗಳ ಕವರು ತೋರಿಸಿದಳು.

"ಡಾಕ್ಟ್ರು ಆರು ಥರ ಮಾತ್ರೆ ಬರ್ಕೊಟ್ಟವ್ನೆ. ಯಾವ್ದು ದಿಟ ಅಂತ ನೀನು ಅವನ್ನ ಕೇಳ್ದ್ಯಾ?"

ಖಾಲಿ ಕುರ್ಚಿ

ಆ ತಿಂಗಳೇ ಒಂದು ಕಲ್ಯಾಣ ಮಂಟಪದಲ್ಲಿ ಸರ್ವಧರ್ಮ ಸೌಹಾರ್ದ ಸಭೆ ನಡೆಯಿತು. ನಮ್ಮ ದಾರಿಯ ಅರ್ಜಿ ಯಾರ ಮೇಜಿನ ಮೇಲಿತ್ತೋ ಆ ಅಧಿಕಾರಿಗಳೇ ಅಧ್ಯಕ್ಷರು. ಅವರನ್ನು ಹಿಡಿಯೋಣವೆಂದು ಹೋದೆ. ವೇದಿಕೆಯ ಮೇಲೆ ಒಬ್ಬ ಸ್ವಾಮೀಜಿ, ಒಬ್ಬ ಮೌಲ್ವಿ, ಒಬ್ಬ ಫಾದರ್, ಜೊತೆಗೆ ಊರಿನ ಮುಖಂಡರೆಂದು ನಮ್ಮ ಬೇಲಿಯ ಗೌಡರು. ಒಂದು ಕುರ್ಚಿ ಖಾಲಿ. ಸಂಘಟಕನೊಬ್ಬ ಓಡಿ ಬಂದು, "ಅಕ್ಕ, ಬೌದ್ಧರು ಒಬ್ಬರು ಕಮ್ಮಿ ಬಿದ್ದವ್ರೆ, ಬಂದು ಕೂತ್ಕೊಳ್ಳಿ" ಎಂದ. ಮದುವೆಮನೆಯ ಪಂಕ್ತಿಯಲ್ಲಿ ಒಂದು ಎಲೆ ಉಳಿದಾಗ ಕರೆಯುತ್ತಾರಲ್ಲ, ಹಾಗೆ. ಹೋಗಿ ಕೂತೆ.

ಅಧಿಕಾರಿಗಳು ಎಲ್ಲಾ ಧರ್ಮವೂ ನಿಜ ಎಂದರು. ಚಪ್ಪಾಳೆ. ಆಮೇಲೆ ಗೌಡರು ಮೈಕು ಹಿಡಿದರು. "ದಾರಿಗಳು ಬೇರೆ ಬೇರೆ. ಕಡೆಗೆ ಎಲ್ಲರೂ ಸೇರುವ ಜಾಗ ಒಂದೇ." ಅದಕ್ಕೂ ಚಪ್ಪಾಳೆ.

ನನ್ನ ಸರದಿ ಬಂತು. "ಗೌಡರು ಹೇಳಿದ್ದು ಸರಿ. ಸೇರೋ ಜಾಗ ನಮಗೂ ಒಂದು ಇದೆ, ನಾಲೆಯ ಪಕ್ಕ. ದಾರಿಗೆ ಮಾತ್ರ ಅವರು ಬೇಲಿ ಹಾಕಿದ್ದಾರೆ" ಎಂದೆ.

ಅಧಿಕಾರಿಗಳು ಮೈಕಿಗೆ ಬಾಗಿದರು. "ಇದು ಧರ್ಮದ ಸಭೆ ಅಮ್ಮ. ದಾರಿ ವಿಚಾರಕ್ಕೆ ಅರ್ಜಿ ಕೊಡಿ."

"ಕೊಟ್ಟಿದ್ದೀನಿ ಸಾರ್. ಅದರ ಮೇಲೆ ನೀವು ದಿನಾ ಟೀ ಲೋಟ ಇಡ್ತೀರಿ. ನಾಲ್ಕು ರೌಂಡು ಸೀಲು ಬಿದ್ದಿದೆ, ಸಹಿ ಒಂದು ಬಾಕಿ."

ನನ್ನ ಮೈಕು ಕಿತ್ತುಕೊಂಡರು. ಅದು ನನಗೆ ಹೊಸದಲ್ಲ.

ಊಟಕ್ಕೆ ಕೂತಾಗ ಪಕ್ಕದಲ್ಲಿ ಮೌಲ್ವಿ, ಎದುರಿಗೆ ಫಾದರ್. ಮೌಲ್ವಿಗಳು ಮೊಸರನ್ನ ಕಲಸುತ್ತಾ ಮೆಲ್ಲಗೆ ಹೇಳಿದರು. "ಅಮ್ಮಾ, ಎಲ್ಲಾ ಒಂದೇ ಅಂತ ನನಗೂ ನಂಬಿಕೆ ಇಲ್ಲ. ಹಂಗಿದ್ದಿದ್ರೆ ಈ ವಯಸ್ಸಲ್ಲಿ ಸೂರ್ಯ ಹುಟ್ಟೋಕೆ ಮುಂಚೆ ಯಾಕೆ ಏಳ್ತಿದ್ದೆ?" ಫಾದರ್ ತಲೆಯಾಡಿಸಿದರು. "ನನ್ನ ಪ್ರಕಾರ ನೀವಿಬ್ಬರೂ ತಪ್ಪು. ಉಪ್ಪಿನಕಾಯಿ ಈ ಕಡೆ ಕೊಡಿ."

ನಾನು ಕೊಟ್ಟೆ. ಇಡೀ ದಿನದಲ್ಲಿ ಸೌಹಾರ್ದ ನಡೆದದ್ದು ಆ ಎಲೆಯ ಮುಂದೆ ಮಾತ್ರ. ಎಲ್ಲವೂ ನಿಜ ಅನ್ನುವವರು ಯಾವುದನ್ನೂ ಓದಿರುವುದಿಲ್ಲ. ನಿನ್ನದು ತಪ್ಪು ಎಂದು ಮುಖಕ್ಕೆ ಹೇಳಿ, ಪಕ್ಕದಲ್ಲೇ ಕೂತು ಉಣ್ಣುವವನ ಜೊತೆ ನಾನು ಬದುಕಬಲ್ಲೆ.

ಗೋಡೆ ಮಾತಾಡಿತು

ಅವ್ವ ದಿನಾ ಬೆಳಿಗ್ಗೆ ಮುಖ ತೊಳೆದು ಫೋಟೊದ ಮುಂದೆ ಕೂರುತ್ತಿದ್ದಳು. ನಾನು ಕಲಿಸಿದ ಪಾಳಿ ಭಾಷೆಯ ಸಾಲು ಅವಳ ನಾಲಿಗೆಗೆ ಹತ್ತಲಿಲ್ಲ. ತನ್ನದೇ ಮಾತಲ್ಲಿ ಗಟ್ಟಿಯಾಗಿ ಕೇಳುತ್ತಿದ್ದಳು. ಕಿವಿ ಮಂದ ಇದ್ದವರಿಗೆ ತಮ್ಮ ದನಿ ಎಷ್ಟು ಎಂದು ಗೊತ್ತಾಗುವುದಿಲ್ಲ. "ಬುದ್ಧೀ, ದಾರಿ ಬುಡಿ. ನೆಟ್ಟಗೋಯ್ತೀನಿ, ಇನ್ನೇನೂ ಕೇಳಾಕಿಲ್ಲ." ಬೀದಿಗೆಲ್ಲ ಕೇಳುತ್ತಿತ್ತು.

ಒಂದು ದಿನ ನಾನು ನಲ್ಲಿ ನೀರು ಹಿಡಿದು ಬಂದಾಗ ಅವ್ವನ ಮುಖ ಅರಳಿತ್ತು.

"ನಿನ್ ಬುದ್ಧಿ ಮಾತಾಡ್ದ ಕಣಮ್ಮಿ."

"ಬುದ್ಧ ಮಾತಾಡಲ್ಲ ಅವ್ವ. ಅದು ಫೋಟೊ."

"ಆಯ್ತು ಬುಡವ್ವ ನೋಡಾನ, ಅಂದ. ಈ ಕಿವೀಲೇ ಕೇಳಿದ್ದೀನಿ."

"ಎಂಥಾ ದನಿ?"

ಅವ್ವ ವಸಿ ಹೊತ್ತು ಯೋಚಿಸಿದಳು. "ನಮ್ ಗೌಡ್ರ ದನಿ ಇದ್ದಂಗಿತ್ತು."

ಹೊರಗೆ ಬಂದು ನೋಡಿದೆ. ನಾಟಿಗೆ ಆಳು ಕರೆಯಲು ಬಂದಿದ್ದ ಗೌಡರು ಬೀದಿಯ ಕೊನೆ ದಾಟುತ್ತಿದ್ದರು. ನಮ್ಮ ಕಿಟಕಿಯ ಕೆಳಗೆ ಬರುವಾಗ, ಅವ್ವ ಬುದ್ಧೀ ಎಂದು ಕೂಗಿದ್ದು ತಮ್ಮನ್ನೇ ಎಂದುಕೊಂಡು ಅಷ್ಟೇ ಗಟ್ಟಿಯಾಗಿ ಉತ್ತರ ಕೊಟ್ಟು ಹೋಗಿದ್ದರು.

ಒಳಗೆ ಬಂದು ಅವ್ವನಿಗೆ ನಿಜ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನಗೆ ಸಮಾಧಾನ ಹೇಳತೊಡಗಿದಳು. "ನಿಂಗ್ ಕೇಳಿಸ್ನಿಲ್ಲ ಅಂತ ಬೇಜಾರ್ ಮಾಡ್ಕಬ್ಯಾಡ. ನೀನು ದ್ಯಾವ್ರಿಲ್ಲ ಅನ್ನೋಳು, ನಿಂಜೊತೆ ಅವ್ನು ಎಂಗೆ ಮಾತಾಡಾನು."

ಬೇಲಿ

ಎಂಟು ದಿನಕ್ಕೆ ಅವ್ವ ಹೋದಳು.

ಚಟ್ಟ ಹೊತ್ತವರಿಗೆ ನಾನು ನೆಟ್ಟಗೆ ನಡೆಯಿರಿ ಎಂದೆ. ಬೇಲಿಯ ಹತ್ತಿರ ತಮಟೆ ನಿಂತಿತು. ಆ ಕಡೆ ಗೌಡರು ನಿಂತಿದ್ದರು, ಹೆಗಲ ಮೇಲೆ ಟವಲ್ಲು. ನನ್ನನ್ನು ನೋಡಲಿಲ್ಲ, ಚಟ್ಟವನ್ನು ನೋಡಿದರು.

"ನಿಮ್ಮವ್ವ ನನ್ನ ಬುದ್ಧೀ ಅಂತ ಕರ್ದು ದಾರಿ ಕೇಳಿದ್ಲು. ಆಯ್ತು ಅಂದಿದ್ದೆ. ಕಡೇ ಕಾಲ್ದಾಗೂ ಆ ಮರ್ಯಾದೆ ಬುಟ್ಟಿರ್ನಿಲ್ಲ ಪುಣ್ಯಾತ್ಗಿತ್ತಿ. ನಿಮ್ಮಂಗಲ್ಲ."

ನಾನು ಸುಮ್ಮನಿದ್ದರೆ ಸಾಕಿತ್ತು. ಅವ್ವ ನೆಟ್ಟಗೆ ಹೋಗುತ್ತಿದ್ದಳು. ಆದರೆ ಅವಳು ಸತ್ತ ಮೇಲೂ ಈ ಬೇಲಿಯ ಮುಂದೆ ಬೆನ್ನು ಬಗ್ಗಿಸಿಕೊಂಡು ನಿಂತಿರುತ್ತಿದ್ದಳು. ಅವಳು ಬುದ್ಧನನ್ನು ಕೇಳಿದ್ದೂ ನಿಜ, ಗೌಡರನ್ನು ಕೇಳಿದ್ದೂ ನಿಜ ಎಂದು ಮನಸ್ಸಿಗೆ ಹೇಳಿಕೊಂಡು ತಲೆಯಾಡಿಸಬಹುದಿತ್ತು. ಎಲ್ಲವೂ ನಿಜ ಅನ್ನುವುದು ಎಷ್ಟು ಆರಾಮ ಎಂದು ಅವತ್ತು ಗೊತ್ತಾಯಿತು.

"ಗೌಡ್ರೇ, ಅವ್ವ ಕೇಳಿದ್ದು ನಿಮ್ಮನ್ನಲ್ಲ" ಎಂದೆ. "ಗೋಡೆ ಮೇಲಿನ ಬುದ್ಧನನ್ನ. ಅವಳಿಗೆ ಬುದ್ಧ ಅನ್ನೋಕೆ ಬರ್ತಿರಲಿಲ್ಲ, ಬುದ್ಧಿ ಅನ್ನೋಳು. ದಾರಿಯಲ್ಲಿ ಹೋಗ್ತಿದ್ದ ನೀವು ಉತ್ತರ ಕೊಟ್ಟಿರಿ."

ಹಿಂದಿನಿಂದ ನಮ್ಮ ಚಿಕ್ಕಪ್ಪ, "ಏ, ಇವತ್ತೊಂದಿನ ಬಾಯ್ ಮುಚ್ಕಂಡಿರಮ್ಮಿ" ಎಂದರು. ಹೊತ್ತವರ ಹೆಗಲು ನಾಲೆ ಏರಿಯ ಕಡೆ ತಿರುಗತೊಡಗಿತ್ತು.

ಗೌಡರು ಹೆಗಲ ಟವಲ್ಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಕೇಳಿದರು.

"ಬುದ್ಧಿ ಅಂತಿದ್ಲು ಅಂದ್ರೆ, ಆತ ನಮ್ ಪೈಕಿಯೋನಾ?"

"ಅಲ್ಲ. ಇದ್ದಬದ್ದ ಜಮೀನೆಲ್ಲ ಬಿಟ್ಟು ಹೋದೋರು."

"ಎಲ್ಲಾನೂವಾ?"

"ಎಲ್ಲಾನೂ."

ಗೌಡರು ಗದ್ದೆ ನೋಡಿದರು, ಬೇಲಿ ನೋಡಿದರು, ಅವ್ವನ ಮುಖ ನೋಡಿದರು. "ಕೇಳಿದ್ದು ಯಾರ್ನಾರ ಆಗ್ಲಿ, ಆಯ್ತು ಅಂದೋನು ನಾನೇ ತಾನೆ" ಎಂದು ತಂತಿಗೆ ಕೈ ಹಾಕಿದರು. ಬಿಚ್ಚುತ್ತಾ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು:

"ವಸಿ ಬುಟ್ರೆ ಸಾಲ್ದಾ?"

ಅವ್ವ ನೆಟ್ಟಗೆ ಹೋದಳು.

ಹಾಜರಿ

ತಿಂಗಳಾಗುವ ಮೊದಲೇ ತಂತಿ ಮತ್ತೆ ಬಿಗಿಯಾಯಿತು. ಕೇಳಿದ್ದಕ್ಕೆ ಗೌಡರು, "ನಿಮ್ಮವ್ವಂಗೆ ಮಾತು ಕೊಟ್ಟಿದ್ದೆ, ಊರಿಗಲ್ಲ" ಎಂದರು. ಒಬ್ಬರಿಗೆ ಬಿಟ್ಟರೆ ಅದು ದಾನ. ನನಗೆ ದಾನ ಬೇಡ, ದಾರಿ ಬೇಕು. ಮತ್ತೆ ಅರ್ಜಿ ಬರೆದೆ. ಆ ದಾರಿ ಬಳಕೆಯಲ್ಲಿದೆ ಎನ್ನುವುದಕ್ಕೆ ಪುರಾವೆಯಾಗಿ, "ಕಡೆಯದಾಗಿ ನನ್ನ ತಾಯಿಯವರು ಇದೇ ದಾರಿಯಲ್ಲಿ ಹೋಗಿರುತ್ತಾರೆ" ಎಂದು ಸೇರಿಸಿದೆ.

ಸೌಹಾರ್ದ ಸಭೆಯ ಅದೇ ಅಧಿಕಾರಿಗಳಿಂದ ನೋಟೀಸು ಬಂತು. "ಸದರಿ ದಾರಿಯಲ್ಲಿ ಕಡೆಯದಾಗಿ ಹೋದವರು ಖುದ್ದು ಹಾಜರಾಗಿ ಹೇಳಿಕೆ ಕೊಡತಕ್ಕದ್ದು."

ಎರಡು ಸಲ ಓದಿದೆ. ಅವ್ವ ಹೋದ ಮೇಲೆ ಅಲ್ಲಿಯವರೆಗೆ ನಾನು ನಕ್ಕಿರಲಿಲ್ಲ, ಅತ್ತಿರಲೂ ಇಲ್ಲ. ಎರಡನ್ನೂ ಮುಗಿಸಿ ಉತ್ತರ ಬರೆದೆ.

"ಮಾನ್ಯರೇ, ನನ್ನ ತಾಯಿಯವರನ್ನು ಹಾಜರುಪಡಿಸಲು ನನ್ನ ಅಭ್ಯಂತರವೇನೂ ಇರುವುದಿಲ್ಲ. ಸ್ವಾಮೀಜಿಯವರ ಪ್ರಕಾರ ಅವರು ಈಗಾಗಲೇ ಎಲ್ಲೋ ಹುಟ್ಟಿರುತ್ತಾರೆ. ಮಾತು ಬರಲು ಎರಡು ವರ್ಷ, ಸಹಿ ಕಲಿಯಲು ಆರು ವರ್ಷ ಕಾಲಾವಕಾಶ ಬೇಕು. ಮೌಲ್ವಿಯವರು ಹಾಗೂ ಫಾದರ್ ಪ್ರಕಾರ ಲೋಕದ ಕಡೆಯ ದಿನ ಎದ್ದು ಬರುತ್ತಾರೆ. ಅಂದು ಕಚೇರಿಗೆ ರಜೆ ಇರಬಾರದು. ನನ್ನ ಪ್ರಕಾರ ಬರುವುದೇ ಇಲ್ಲ. ಎಲ್ಲವೂ ನಿಜವೆಂದು ತಾವೇ ಮೈಕಿನಲ್ಲಿ ಅಪ್ಪಣೆ ಕೊಡಿಸಿರುವುದರಿಂದ, ಮೂರಕ್ಕೂ ಹೊಂದುವಂಥ ಒಂದೇ ದಿನಾಂಕ ಗೊತ್ತುಪಡಿಸಬೇಕಾಗಿ ಪ್ರಾರ್ಥನೆ."

ಹದಿನೈದು ದಿನಕ್ಕೆ ಆ ಉತ್ತರದ ಸಮೇತ ಅರ್ಜಿ ವಾಪಸ್ಸು ಬಂತು. ಟೀ ಲೋಟದ ಗುರುತು ಒಂದು, ಪಕ್ಕದಲ್ಲಿ ಈ ಸಲ ಸಹಿಯೂ ಇತ್ತು. ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದರು: "ದಿನಾಂಕವನ್ನು ಅರ್ಜಿದಾರರ ತಾಯಿಗೆ ನೇರವಾಗಿ ತಿಳಿಸಲಾಗುವುದು."