ಪುಟ್ಟಕ್ಕನ ಹೊಲಿಗೆ

ಎಲ್ಲದಕ್ಕೂ ಮೂಲ ಪುಟ್ಟಕ್ಕನ ಕಂಕುಳಲ್ಲಿ ಎದ್ದ ಗೆಡ್ಡೆ. ಅದು ಬಟಾಣಿಯಷ್ಟಿದ್ದಾಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗೋಲಿಯಷ್ಟಾದಾಗ ಮಗಳು ಊಟ ಬಿಟ್ಟಳು. ಮಗಳು ಊಟ ಬಿಟ್ಟ ಮೇಲೆ ಅಪ್ಪನಾದವರು ಸುಮ್ಮನಿರುವುದು ಹೇಗೆ?

ಪುಟ್ಟಕ್ಕ ಅಂದರೆ ಆ ಮನೆಯ ಸಾಕಿದ ಬಿಳಿ ಇಲಿ. ಹೆಸರಿಟ್ಟವಳು ಮಗಳೇ. ಒಬ್ಬಳೇ ಮಗಳಾಗಿ ಬೆಳೆದವಳಿಗೆ ಅಕ್ಕ ಬೇಕೆಂಬ ಹಟ; ಅದು ಈಡೇರುವ ಬೇರೆ ದಾರಿಯೂ ಇರಲಿಲ್ಲ. ಮೊದಮೊದಲು ಇಲಿ ಕಂಡರೆ ಪೊರಕೆ ಹುಡುಕುತ್ತಿದ್ದ ಹೆಂಡತಿಯೂ ಈಗ "ಪುಟ್ಟಕ್ಕ ಏನಾದ್ರೂ ತಿಂದ್ಲಾ?" ಎಂದು ವಿಚಾರಿಸದೆ ಮಲಗುತ್ತಿರಲಿಲ್ಲ.

ಅಪ್ಪನದು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಕೆಲಸ. ಊರಿಗೆಲ್ಲ ಅವರು ಗಂಟಲು ಮೇಷ್ಟ್ರು. "ಕ್ಲಚ್ಚು! ಕ್ಲಚ್ಚು!" ಎಂದು ಅವರು ಒಮ್ಮೆ ಅರಚಿದರೆ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದವರೂ ಕ್ಲಚ್ ಒತ್ತುತ್ತಿದ್ದರು.

ಆಪರೇಷನ್ ಹಿಂದಿನ ದಿನ ಆಗಿತ್ತು. ಪುಟ್ಟಕ್ಕನನ್ನು ಪಶುವೈದ್ಯರಲ್ಲಿಂದ ಕರೆತರಬೇಕಾದ ದಿನವೇ ಮಗಳಿಗೆ ಪರೀಕ್ಷೆ, ಹೆಂಡತಿಗೆ ರಜಾ ಇಲ್ಲದ ಬ್ಯಾಂಕು. ಶೂ ಹಾಕಿಕೊಳ್ಳುತ್ತಲೇ ಮಗಳು ಬೆರಳು ತೋರಿಸಿ ಎಚ್ಚರಿಸಿದಳು.

"ಅಪ್ಪಾ, ನಾನು ಬರೋ ಹೊತ್ತಿಗೆ ಒಂದೇ ಒಂದು ಹೊಲಿಗೆ ಬಿಚ್ಚಿದ್ರೂ ನಿನ್ನ ಜೊತೆ ಮಾತು ಬಿಟ್ಟೆ."

"ಒಂದು ದಾರ ಅಲ್ಲಾಡಿದ್ರೂ ನನ್ನ ಹೆಸರು ಬದಲಾಯಿಸು," ಎಂದರು ಮೇಷ್ಟ್ರು. ಅದು ಬಾಯಿಮಾತಲ್ಲ. ಆ ಕ್ಷಣವೇ ಅವರು ಮನಸ್ಸು ಗಟ್ಟಿ ಮಾಡಿಕೊಂಡರು. ಆಕಾಶ ಕಳಚಿ ಬೀಳಲಿ, ಪುಟ್ಟಕ್ಕ ಸಂಜೆ ಹೊಲಿಗೆ ಸಮೇತ ಮಗಳ ಕೈ ಸೇರಬೇಕು.

ಡಾಕ್ಟರಮ್ಮ ಡಬ್ಬಿ ಕೈಗಿಟ್ಟರು. ಮುಚ್ಚಳಕ್ಕೆ ಗಾಳಿಗೆಂದು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಹಳೆಯ ಸ್ವೆಟರಿನ ತೋಳು, ಅದರೊಳಗೆ, ಹೊಲಿಗೆ ಕಚ್ಚದಿರಲೆಂದು ಕತ್ತಿಗೆ ಕಾಗದದ ಕಾಲರ್ ತೊಟ್ಟ ಪುಟ್ಟಕ್ಕ.

"ಗೆಡ್ಡೆ ಪೂರ್ತಿ ತೆಗೆದಿದ್ದೀನಿ. ಇವತ್ತೊಂದು ದಿನ ದಾಟಿದ್ರೆ ಗೆದ್ದ ಹಾಗೆ. ಕುಲುಕಬಾರ್ದು, ಹಲ್ಲು ಹೊಲಿಗೆಗೆ ತಾಗಬಾರ್ದು, ಹತ್ತಿರ ಗಲಾಟೆ ಮಾಡಬಾರ್ದು."

"ಗಲಾಟೆ ಅಂದ್ರೆ ಎಂಥದ್ದು ಡಾಕ್ಟ್ರೇ?" ಎಂದು ಮೇಷ್ಟ್ರು ಕೇಳಿದರು. ಮೇಜಿನ ಮೇಲಿದ್ದ ಬೆಕ್ಕೊಂದು ಬೆಚ್ಚಿ ಬೀರುವಿನ ಹಿಂದೆ ಹಾರಿತು.

"ಇಂಥದ್ದು," ಎಂದರು ಡಾಕ್ಟರಮ್ಮ.

ಅಲ್ಲಿಂದ ಮೇಷ್ಟ್ರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಬಟ್ಟಲು ಹೊತ್ತವರ ಹಾಗೆ ನಡೆದುಕೊಂಡೇ ಸ್ಕೂಲಿಗೆ ಬಂದರು. ಯಜಮಾನರ ಎದುರು ನಿಂತು, ಜೀವಮಾನದಲ್ಲಿ ಮೊದಲ ಸಲ ಪಿಸುಗುಟ್ಟಿದರು.

"ಸಾರ್, ಇವತ್ತು ರಜಾ ಬೇಕಿತ್ತು. ಇಲಿಗೆ ಆಪರೇಷನ್ ಆಗಿದೆ."

ಯಜಮಾನರು ಕನ್ನಡಕ ತೆಗೆದು ನೋಡಿದರು. "ರಜಾ ಬೇಕು ಅಂತ ಬದುಕಿರೋ ಅಜ್ಜಿನ ಸಾಯ್ಸೋರನ್ನ ನೋಡಿದ್ದೀನಿ. ಇಲಿಗೆ ಆಪರೇಷನ್ ಮಾಡ್ಸಿದವನು ನೀನೇ ಮೊದಲು. ರಜಾನೂ ಇಲ್ಲ, ಗಿಜಾನೂ ಇಲ್ಲ. ಇವತ್ತು ಬ್ರೇಕ್ ಮೇಡಂ ಪರೀಕ್ಷೆ. ಅವ್ರು ಈ ಸಲನೂ ಫೇಲಾದ್ರೆ ಬೋರ್ಡ್ ಮೇಲಿರೋ 'ಗ್ಯಾರಂಟಿ' ಅನ್ನೋದನ್ನ ನಾನೇ ಏಣಿ ಹತ್ತಿ ಅಳಿಸಬೇಕು."

ಬ್ರೇಕ್ ಮೇಡಂ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ರಸ್ತೆಯಲ್ಲಿ ಒಣಗಿದ ಎಲೆ ಉರುಳಿದರೂ ಎರಡು ಕಾಲು ಸೇರಿಸಿ ಬ್ರೇಕ್ ತುಳಿಯುವುದು ಅವರ ಪದ್ಧತಿ. ಆ ಕಾರಿನಲ್ಲಿ ಕೂತು ಕೂತು ಮೇಷ್ಟ್ರ ಕತ್ತು ಸ್ಪ್ರಿಂಗಿನ ಹಾಗಾಗಿತ್ತು.

"ಇನ್ನೊಂದು ಮಾತು," ಯಜಮಾನರು ತಗ್ಗಿದ ದನಿಯಲ್ಲಿ ಹೇಳಿದರು. "ಡಬ್ಬಿಯಲ್ಲಿ ಏನಿದೆ ಅಂತ ಆಯಮ್ಮಂಗೆ ಗೊತ್ತಾಗಬಾರ್ದು. ಸ್ಟಾಫ್ ರೂಮಲ್ಲಿ ಇಲಿ ಓಡಾಡ್ತು ಅಂತ ಇಡೀ ಶಾಲೆಗೆ ಅರ್ಧ ದಿನ ರಜಾ ಕೊಟ್ಟೋರು."

ಮೇಷ್ಟ್ರು ಹೊರಗೆ ಬಂದು ಮುಚ್ಚಳ ತೆರೆದು ನೋಡಿದರು. ಪುಟ್ಟಕ್ಕ ಕಾಗದದ ಕಾಲರನ್ನು ಚೂರುಚೂರು ಮಾಡಿ, ಕಂಕುಳ ಕಡೆಗೆ ಮೂತಿ ತಿರುಗಿಸುತ್ತಿದ್ದಳು. ಪಕ್ಕದ ಪಂಕ್ಚರ್ ಅಂಗಡಿಯವನು ಕರೆಯದೆಯೇ ಬಂದು ಇಣುಕಿದ.

"ಹೊಲಿಗೆ ಯಾಕೆ ಹಾಕ್ಸಿದ್ರಿ ಮೇಷ್ಟ್ರೇ? ನನ್ನತ್ರ ತಂದಿದ್ರೆ ಒಂದು ಪ್ಯಾಚ್ ಹಾಕ್ತಿದ್ದೆ. ಜನ್ಮದಲ್ಲಿ ಬಿಚ್ತಿರಲಿಲ್ಲ."

"ಮೆಲ್ಲಗೆ ಮಾತಾಡಯ್ಯಾ. ಮೊದಲು ಇದರ ಬಾಯಿ ಹೊಲಿಗೆಗೆ ತಾಗದ ಹಾಗೆ ಏನಾದ್ರೂ ಮಾಡು."

ಅವನು ಹಳೆಯ ಸೈಕಲ್ ಟ್ಯೂಬಿನಿಂದ ಅಗಲವಾದ ಬಳೆಯೊಂದನ್ನು ಕತ್ತರಿಸಿ, ಒಳಅಂಚಿಗೆ ಹತ್ತಿ ಸುತ್ತಿ, ಪುಟ್ಟಕ್ಕನ ಕತ್ತಿಗೆ ತೊಡಿಸಿದ. ಪುಟ್ಟಕ್ಕ ಒಮ್ಮೆ ಕಚ್ಚಿ ನೋಡಿ, ರುಚಿ ಹಿಡಿಸದೆ ಮುಖ ಸಿಂಡರಿಸಿ ಮುದುಡಿಕೊಂಡಳು. ಮೇಷ್ಟ್ರಿಗೆ ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಕೈಯಲ್ಲಿ ಡಬ್ಬಿ ಇತ್ತು, ಬಿಟ್ಟರು.

ಬ್ರೇಕ್ ಮೇಡಂ ಬಂದು ಸ್ಟಿಯರಿಂಗ್ ಹಿಂದೆ ಕೂತರು. ಮೇಷ್ಟ್ರು ಪಕ್ಕದಲ್ಲಿ, ತೊಡೆಯ ಮೇಲೆ ಡಬ್ಬಿ.

"ಅದೇನು ಮೇಷ್ಟ್ರೇ?"

"ಔಷಧಿ ಮೇಡಂ. ಕುಲುಕಬಾರ್ದಂತೆ."

ಕಾರು ಹೊರಟಿತು. ಮೇಷ್ಟ್ರು ಒಂದು ಕೈಯಿಂದ ಡಬ್ಬಿ ತಬ್ಬಿ, ಇನ್ನೊಂದು ಕೈಯಿಂದ ಸೀಟು ಹಿಡಿದು, ಕಣ್ಣು ಮುಚ್ಚಿ ಪಿಸುಗುಟ್ಟತೊಡಗಿದರು. "ಮೆಲ್ಲಗೆ ಮೇಡಂ... ಕ್ಲಚ್ಚು ಬಿಡಿ... ಹಾಗೇ..." ಮೊದಲನೇ ತಿರುವು ಕಳೆಯಿತು. ಕತ್ತು ಮುಂದಕ್ಕೆ ಜೋಲುತ್ತದೆ ಎಂದು ಕಾದರು, ಜೋಲಲಿಲ್ಲ. ಹಂಪು ಬಂತು, ಕಾರು ಅದನ್ನು ಸವರಿಕೊಂಡು ದಾಟಿತು. ಕಣ್ಣು ತೆರೆದರೆ ಮೇಡಂ ಹಲ್ಲು ಕಚ್ಚಿ, ರಸ್ತೆಯನ್ನೇ ದಿಟ್ಟಿಸುತ್ತ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾರು ಓಡಿಸುತ್ತಿದ್ದರು. ಎಲೆಯೊಂದಲ್ಲ, ಇಡೀ ಕೊಂಬೆಯೇ ಅಡ್ಡ ಬಿದ್ದಿತ್ತು. ಅದನ್ನೂ ನಯವಾಗಿ ಬಳಸಿ ಹೋದರು.

ಮೇಷ್ಟ್ರಿಗೆ ಜ್ಞಾನೋದಯವಾಯಿತು. ಇಷ್ಟು ವರ್ಷ ಕೂಗಿ ಕೂಗಿ ಎಷ್ಟು ಜನರನ್ನು ಕೆಡಿಸಿದೆನೋ! ಪಿಸುಮಾತಿಗೆ ಇಷ್ಟು ಶಕ್ತಿ ಇದೆಯೆಂದು ಗೊತ್ತಿದ್ದರೆ ಗಂಟಲಾದರೂ ಉಳಿಯುತ್ತಿತ್ತು ಎಂದು ಮರುಗಿದರು.

ಪರೀಕ್ಷೆಯ ಮೈದಾನದಲ್ಲಿ ಇನ್‌ಸ್ಪೆಕ್ಟರು ಮುಂದೆ ಹತ್ತಿದರು, ಮೇಷ್ಟ್ರು ಹಿಂದಿನ ಸೀಟಿಗೆ ಸರಿದರು. ಸರಿದು ಕೂತು ಡಬ್ಬಿ ನೋಡಿಕೊಂಡರೆ ಮುಚ್ಚಳ ಓರೆಯಾಗಿದೆ. ಸ್ವೆಟರಿನ ತೋಳು ಇದೆ, ಪುಟ್ಟಕ್ಕ ಇಲ್ಲ.

ಎದುರಿಗೇ ಇದ್ದಳು. ಮುಂದಿನ ಸೀಟಿನ ಬೆನ್ನು ಹತ್ತಿ, ಇನ್‌ಸ್ಪೆಕ್ಟರ ಹೆಗಲ ಮೇಲೆ ಟ್ಯೂಬಿನ ಕಾಲರ್ ಸಮೇತ ಕೂತು, ಅವರ ಕಿವಿಯನ್ನು ಮೂಸುತ್ತಿದ್ದಳು.

ಬೇರೆ ದಿನವಾಗಿದ್ದರೆ ಮೇಷ್ಟ್ರ ಕೂಗಿಗೆ ಮೈದಾನವೇ ಅದುರುತ್ತಿತ್ತು. ಆದರೆ ಕೂಗಿದರೆ ಅವಳು ಬೆಚ್ಚಿ ಹಾರುತ್ತಾಳೆ, ಹಾರಿದರೆ ಹೊಲಿಗೆ ಹೋಗುತ್ತದೆ. ನಾಲಿಗೆ ಕಚ್ಚಿಕೊಂಡು, ಮುಂದಕ್ಕೆ ಬಾಗಿ, ಇನ್‌ಸ್ಪೆಕ್ಟರ ಹೆಗಲಿನತ್ತ ಇಂಚಿಂಚಾಗಿ ಕೈ ಚಾಚಿದರು.

"ಏನ್ರೀ ಇದು, ಮೈ ಮುಟ್ಟೋದು?"

"ಸಾರ್," ಎಂದು ಮೇಷ್ಟ್ರು ಉಸುರಿದರು, "ದಯವಿಟ್ಟು ಅಲ್ಲಾಡಬೇಡಿ."

ಗಂಟಲು ಮೇಷ್ಟ್ರು ಪಿಸುಗುಟ್ಟಿದ್ದನ್ನು ಇನ್‌ಸ್ಪೆಕ್ಟರು ಎಂದೂ ಕೇಳಿರಲಿಲ್ಲ. ಈ ಮನುಷ್ಯನ ದನಿಯೇ ಉಡುಗಿಹೋಗಬೇಕಾದರೆ ಹೆಗಲ ಮೇಲಿರುವುದು ಸಾಮಾನ್ಯದ್ದಲ್ಲ ಎಂದು ಅವರಿಗೆ ಹೊಳೆಯಿತು.

"ಚೇಳಾ?" ಎಂದರು ತುಟಿ ಅಲ್ಲಾಡಿಸದೆ.

"ಅದಕ್ಕಿಂತ ಸೂಕ್ಷ್ಮ ಸಾರ್."

ಇನ್‌ಸ್ಪೆಕ್ಟರು ಕಲ್ಲಾದರು. ಬಲಕ್ಕೆ ತಿರುಗಿ ಎನ್ನುವವರಿಲ್ಲ, ನಿಲ್ಲಿಸಿ ಎನ್ನುವವರಿಲ್ಲ. ಮೇಡಂ ತಮ್ಮ ಪಾಡಿಗೆ ಎಂಟರ ಆಕಾರದಲ್ಲಿ ಸುತ್ತಿದರು, ರಿವರ್ಸ್ ಹೊಡೆದರು, ಎರಡು ಕಂಬದ ನಡುವೆ ಕಾರನ್ನು ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ ನಿಲ್ಲಿಸಿದರು. ಅಷ್ಟರಲ್ಲಿ ಪುಟ್ಟಕ್ಕ ತಾನಾಗಿಯೇ ಮೇಷ್ಟ್ರ ಅಂಗೈಗೆ ಇಳಿದಿದ್ದಳು. ಡಬ್ಬಿಯ ಮುಚ್ಚಳ ಟಪ್ಪೆಂದಿತು.

"ಹೋಯ್ತಾ?"

"ಹೋಯ್ತು ಸಾರ್."

ಇನ್‌ಸ್ಪೆಕ್ಟರು ಬೆವರು ಒರೆಸಿಕೊಂಡು "ಪಾಸ್" ಎಂದವರೇ ಹಿಂದಿರುಗಿ ನೋಡದೆ ನಡೆದರು.

ಮೇಡಂ ಅದೇ ಕಾರಿನಲ್ಲಿ ಮೇಷ್ಟ್ರನ್ನು ಮನೆಗೆ ಕರೆತಂದಾಗ ಬಾಗಿಲಲ್ಲಿ ಮಗಳು ಕಾಯುತ್ತಿದ್ದಳು. ಪುಟ್ಟಕ್ಕನನ್ನು ಎತ್ತಿ, ಬೆಳಕಿಗೆ ಹಿಡಿದು, ಒಂದೊಂದು ಹೊಲಿಗೆಯನ್ನೂ ಪರೀಕ್ಷಿಸಿದಳು. ಎಲ್ಲವೂ ಇದ್ದಲ್ಲೇ ಇದ್ದವು. ಅವಳು ಅಪ್ಪನ ಸೊಂಟ ತಬ್ಬಿಕೊಂಡಳು. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಅಂಥ ಸಂತೋಷ ಅವರಿಗೆ ತಮ್ಮ ಮದುವೆಯ ದಿನವೂ ಆಗಿರಲಿಲ್ಲ.

"ಬನ್ನಿ ಮೇಷ್ಟ್ರೇ, ನಿಮ್ಮನ್ನ ನಾನೇ ಸ್ಕೂಲಿಗೆ ಬಿಡ್ತೀನಿ. ಈಗ ನಾನು ಪಾಸಾದವಳು," ಎಂದು ಮೇಡಂ ಕಾರಿನಿಂದಲೇ ಕರೆದರು. ಮೇಷ್ಟ್ರು ಖಾಲಿ ಡಬ್ಬಿ ಹಿಡಿದು ಹತ್ತಿದರು. ಕಾರು ಮುಖ್ಯರಸ್ತೆಗೆ ಬಂದು ವೇಗ ಹಿಡಿಯಿತು. ಮೇಷ್ಟ್ರು ಹೆಮ್ಮೆಯಿಂದ ಬೀಗಿದರು.

"ನೋಡಿದ್ರಾ ಮೇಡಂ? ಕೂಗೋದು ಬಿಟ್ಟು ಪಿಸುಮಾತಲ್ಲಿ ಹೇಳಿದೆ, ನಿಮ್ಮ ಕಾಲು ತಾನಾಗೇ ಮಾತು ಕೇಳ್ತು."

"ಪಿಸುಮಾತಾ? ನೀವು ಇವತ್ತು ಬಾಯಿ ಬಿಟ್ಟಿದ್ದೇ ನನಗೆ ಗೊತ್ತಿಲ್ಲ."

"ಮತ್ತೆ ಒಂದು ಸಲನೂ ಗಕ್ಕನೆ ಬ್ರೇಕ್ ತುಳೀಲಿಲ್ಲ?"

"ಹೇಗ್ರೀ ತುಳೀಲಿ? ಮೊದಲನೇ ತಿರುವಲ್ಲೇ ಡಬ್ಬಿ ತೂತಿಂದ ಬಾಲ ಹೊರಗೆ ಬಂದಿತ್ತು! ಬ್ರೇಕ್ ತುಳಿದ್ರೆ ಡಬ್ಬಿ ಬೀಳುತ್ತೆ, ಬಿದ್ರೆ ಅದು ನೇರ ನನ್ನ ಕಾಲಿಗೇ ಬರುತ್ತೆ. ಆಮೇಲೆ ಕನ್ನಡೀಲಿ ನೋಡಿದ್ರೆ ಆ ಪುಣ್ಯಾತ್ಮನ ಹೆಗಲ ಮೇಲೆ! ಇಳಿದು ಓಡೋಣ ಅಂದ್ರೂ ತಟ್ಟನೆ ನಿಲ್ಸೋಕೆ ಬ್ರೇಕೇ ತುಳೀಬೇಕಲ್ಲ. ಜೀವ ಕೈಯಲ್ಲಿ ಹಿಡ್ಕೊಂಡು ಓಡಿಸಿದೆ ಕಣ್ರೀ." ಮೇಡಂ ಓರೆಗಣ್ಣಲ್ಲಿ ಡಬ್ಬಿ ನೋಡಿದರು. "ಈಗ ಅದು ಖಾಲಿ ತಾನೇ?"

"ಪೂರ್ತಿ ಖಾಲಿ ಮೇಡಂ, ನೋಡಿ," ಎಂದು ಮೇಷ್ಟ್ರು ಮುಚ್ಚಳ ತೆಗೆದು ತೋರಿಸಿದರು. ಆಮೇಲೆ ಡಬ್ಬಿಯನ್ನು ಕಾಲಬಳಿ ಇಡಲು ಬಾಗಿದರು.

"ಅಬ್ಬಾ!" ಮೇಡಂ ಬೆಳಗಿನಿಂದ ಹಿಡಿದಿದ್ದ ಉಸಿರನ್ನೆಲ್ಲ ಒಟ್ಟಿಗೆ ಬಿಟ್ಟರು. ಅದೇ ಹೊತ್ತಿಗೆ ರಸ್ತೆಯ ಮೇಲೆ ಒಣಗಿದ ಎಲೆಯೊಂದು ಉರುಳುತ್ತ ಬಂತು.

ಸಂಜೆ ಮೇಷ್ಟ್ರು ಮನೆಯ ಮಂಚದ ಮೇಲೆ ಮಲಗಿದ್ದರು. ಹಣೆಗೆ ಬಿದ್ದ ಹೊಲಿಗೆ ಪುಟ್ಟಕ್ಕನದಕ್ಕಿಂತ ಒಂದು ಹೆಚ್ಚೇ ಇತ್ತು. ಕೆರೆದುಕೊಳ್ಳಬಾರದೆಂದು ಮಗಳು ಅವರ ಎರಡೂ ಕೈಗೆ ಕಾಲುಚೀಲ ತೊಡಿಸಿ, ಪುಟ್ಟಕ್ಕನನ್ನು ಅದೇ ದಿಂಬಿನ ಇನ್ನೊಂದು ತುದಿಯಲ್ಲಿ ಮಲಗಿಸಿದ್ದಳು. ಫೋನ್ ಬಡಿದುಕೊಂಡಿತು. ಹೆಂಡತಿ ಎತ್ತಿ, ಅವರ ಕಿವಿಗೆ ಹಿಡಿದಳು.

"ಶಭಾಷ್ ಕಣಯ್ಯಾ!" ಯಜಮಾನರು ಖುಷಿಯಲ್ಲಿದ್ದರು. "ಮೇಡಂ ಹೊಸ ಕಾರು ತಗೊಳ್ತಿದ್ದಾರಂತೆ. ಕೈ ಪಳಗೋವರೆಗೂ ದಿನಾ ಪಕ್ಕದಲ್ಲಿ ನೀನೇ ಕೂರಬೇಕಂತೆ, ಬೇರೆ ಯಾರೂ ಬೇಡವಂತೆ. ನಾನು ಆಗ್ಲಿ ಅಂದುಬಿಟ್ಟೆ. ಆದ್ರೆ ಒಂದೇ ಷರತ್ತು. ಆ ಡಬ್ಬಿ ಮಾತ್ರ ತರಕೂಡದಂತೆ."

ಮೇಷ್ಟ್ರು ಎದ್ದು ಕೂತರು. ಎದೆ ತುಂಬ ಗಾಳಿ ಎಳೆದುಕೊಂಡು, ಬೆಳಗಿನಿಂದ ಕೂಡಿಟ್ಟ ಅಷ್ಟೂ ಕೂಗನ್ನು ಗಂಟಲಿಗೆ ತಂದು ಬಾಯಿ ತೆರೆದರು.

ಮಗಳು ಪುಟ್ಟ ಕೈಯಿಂದ ಅವರ ಬಾಯಿ ಮುಚ್ಚಿದಳು.

"ಶ್! ಕೂಗ್ಬೇಡ ಅಪ್ಪಾ. ಪುಟ್ಟಕ್ಕ ಈಗ ತಾನೇ ಮಲಗಿದ್ದಾಳೆ."