ಭಾವನ ನಾಮಿನಿಗಳು

ನಮ್ಮ ಭಾವ ಸತ್ತರೆ ಲಾಭ ಪಡೆಯುವ ಯೋಗ ನಮ್ಮ ನೆಂಟರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಒಮ್ಮೆಯಾದರೂ ಬಂದಿತ್ತು! ಬಂದಷ್ಟೇ ಬೇಗ ತಪ್ಪಿಯೂ ಹೋಗಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಚಿನಕುರಳಿಯಲ್ಲಿ ಒಂದಿಷ್ಟು ಗದ್ದೆ, ಹಸುಗಳು, ಪಾಂಡವಪುರದ ಬ್ಯಾಂಕಿನಲ್ಲಿ ಒಂದು ಠೇವಣಿ. ಮಕ್ಕಳಿರಲಿಲ್ಲ. ಹೀಗಾಗಿ ಆ ಠೇವಣಿಯ 'ನಾಮಿನಿ' ಎಂಬ ಜಾಗ ಅವರ ಪಾಲಿಗೆ ಒಂದು ಸಿಂಹಾಸನವೇ ಆಗಿಬಿಟ್ಟಿತ್ತು. ಮನಸ್ಸಿಗೆ ಬಂದವರನ್ನು ಕೂರಿಸುವರು, ಮುನಿಸು ಬಂದರೆ ಇಳಿಸುವರು.

ಮೊದಲು ಕೂತವನು ಕೆ.ಆರ್. ಪೇಟೆಯಲ್ಲಿದ್ದ ಅವರ ಅಣ್ಣನ ಮಗ. ಅವನ ಅರ್ಹತೆ? ಬೀಗರ ಊಟದಲ್ಲಿ ಭಾವನ ಎಲೆಗೆ ಹುಡುಕಿ ಹುಡುಕಿ ಮಜ್ಜೆ ತುಂಬಿದ ನಲ್ಲಿಮೂಳೆ ಬಡಿಸಿದ್ದ! ಮುಂದಿನ ಬೀಗರ ಊಟದಲ್ಲಿ ಆ ಮೂಳೆ ಪಕ್ಕದವರ ಎಲೆಗೆ ಬಿತ್ತು. ಭಾವ ಕೈ ತೊಳೆದವರೇ ಸೀದಾ ಪಾಂಡವಪುರದ ಬಸ್ಸು ಹತ್ತಿದರು.

"ಯಜಮಾನ್ರೇ, ಈ ಸಲ ಯಾರ್ನ ತೆಗೀಬೇಕು?" ಎಂದೇ ಬ್ಯಾಂಕಿನ ಗುಮಾಸ್ತರು ಬರಮಾಡಿಕೊಳ್ಳುತ್ತಿದ್ದರು.

ಆಮೇಲೆ ಭಾವನ ತಮ್ಮ. "ಲೇ, ನಾನು ಹೋದ್ರೆ ಎಲ್ಲಾ ನಿಂಗೇ ಕಣ್ಲಾ. ಒಸಿ ಬೆನ್ನು ತಿಕ್ಬುಡು ಬಾ" ಎಂದು ದಿನಾ ಬಚ್ಚಲಿನಿಂದ ಕೂಗುವರು. ಒಂದು ದಿನ ಅವನಿಗೂ ರೇಗಿತು. "ಅಣ್ಣೋ, ಹೋಗೋದು ಯಾವಾಗ ಅಂತ ಹೇಳ್ಬುಡು. ಅಲ್ಲಿಗಂಟ ತಿಕ್ತೀನಿ!" ಬೆನ್ನು ಒಣಗುವ ಮೊದಲೇ ಪದವಿ ಹೋಯಿತು.

ಮೂರನೆಯ ಪಟ್ಟ ನನಗೇ! ನಾನು ಡ್ರಿಲ್ ಮೇಷ್ಟರಾಗಿದ್ದವನು. ಐದಕ್ಕೆ ಏಳಬೇಕು, ಎಂಟಕ್ಕೆ ತಿಂಡಿ, ಗಂಟೆ ತಪ್ಪಬಾರದು. ಭಾವನ ಹೊಟ್ಟೆ ಕರಗಿಸೋಣವೆಂದು ಬೆಳಗಿನ ಜಾವ ಎಬ್ಬಿಸಿ ನಾಲೆಯ ಏರಿ ಮೇಲೆ ನಡೆಸಿದೆ. ಮನೆಗೆ ಬಂದವರು ಅಕ್ಕನಿಗೆ ಹೇಳಿದರು: "ನೋಡ್ದಾ ನಿನ್ ತಮ್ಮನ್ನ? ನಾಮಿನಿ ಮಾಡಿದ್ದೇ ಮಾಡಿದ್ದು, ಬ್ಯಾಗ ಸಾಯ್ಲಿ ಅಂತ ಓಡುಸ್ತಾವ್ನೆ!"

ಈಗಲೂ ಆ ಏರಿ ಮೇಲೆ ನಡೆಯುವಾಗ ಒಬ್ಬನೇ ನಗುತ್ತೇನೆ. ಆದರೆ ಆಗ ನನ್ನೊಳಗೆ ಒಂದು ಮುಳ್ಳಿತ್ತು. ನಾನೂ ಸೇರಿ ಇಷ್ಟು ಜನ ಹತ್ತಿ ಇಳಿದರೂ ಅಕ್ಕನ ಹೆಸರು ಒಮ್ಮೆಯೂ ಬಂದಿರಲಿಲ್ಲ. ನಾಳೆ ಏನಾದರೂ ಆದರೆ ಅವಳು ಯಾರ ಮುಂದೆ ಕೈಯೊಡ್ಡಬೇಕು? ಒಂದು ದಿನ ನೇರವಾಗಿ ಕೇಳಿಯೇಬಿಟ್ಟೆ.

ಭಾವ ದನಿ ತಗ್ಗಿಸಿದರು. "ಓದ್ದೋರು ನೀವು, ಇಂಗಾ ಕೇಳೋದು ಮೇಷ್ಟ್ರೇ? ನಾನು ಸತ್ ಮ್ಯಾಕೆ ಇವಳಿಗೆ ಅಂತ ನನ್ ಕೈಯಾರೆ ಬರಿಯೋದಾ? ಅವಳ ಹಣೆ ಕುಂಕುಮ ನಾನೇ ಅಳಿಸ್ದಂಗಲ್ವಾ?"

ಅಡುಗೆಮನೆಯಿಂದ ಅಕ್ಕ ಬಂದಳು. "ಬರೀದೇ ಇದ್ರೆ ಸಾಯಾಕಿಲ್ವಾ ನೀವು? ಅಂಗಿದ್ರೆ ಊರೋರೆಲ್ಲಾ ಬ್ಯಾಂಕಿಗೆ ಹೋಗೋದೇ ಬುಟ್ಬುಡೋರು! ನಾಳೆ ನನ್ನ ಕಂಡೋರ ಬಾಗ್ಲಲ್ಲಿ ನಿಲ್ಲುಸ್ಬ್ಯಾಡಿ. ನಡೀರಿ, ಬರೀರಿ."

ಆ ಶುಕ್ರವಾರ ಮೂವರೂ ಹೋದೆವು. ಬ್ಯಾಂಕಿನ ಗೋಡೆಯ ಲಕ್ಷ್ಮಿ ಪಟಕ್ಕೆ ಆಗಷ್ಟೇ ಪೂಜೆಯಾಗಿತ್ತು. ಭಾವ ಅಕ್ಕನ ಹೆಸರನ್ನು ಒಂದೊಂದೇ ಅಕ್ಷರ ಬರೆದರು. ಪೆನ್ನು ಕೆಳಗಿಟ್ಟು ಎದ್ದರು. ಪಟದ ಮುಂದಿನ ತಟ್ಟೆಯಿಂದ ಕುಂಕುಮ ತೆಗೆದು, ಸಾಲಿನಲ್ಲಿ ನಿಂತಿದ್ದವರೆಲ್ಲ ನೋಡುತ್ತಿರುವಂತೆಯೇ ಅಕ್ಕನ ಹಣೆಗೆ ಅಗಲವಾಗಿ ಇಟ್ಟರು.

"ಮೂಗಿನ ಮ್ಯಾಲೆಲ್ಲಾ ಚೆಲ್ಲುದ್ರಿ" ಎಂದು ಅಕ್ಕ ಗದರಿದಳು. ಗುಮಾಸ್ತರು ಸೀಲು ಹಿಡಿದ ಕೈಯನ್ನು ಹಾಗೇ ಮೇಲೆತ್ತಿಕೊಂಡು ಕೂತಿದ್ದರು.

ಹೋದ ವರ್ಷ ಭಾವ ಹೋದರು. ಹನ್ನೊಂದನೆಯ ದಿನದ ತಿಥಿಯಲ್ಲಿ ಹಿರಿಯ ಹೆಂಗಸರು ಅಕ್ಕನ ಕುಂಕುಮ ತೆಗೆಯಲು ಬಂದಾಗ ಅಕ್ಕ ಅವರ ಕೈ ಹಿಡಿದುಕೊಂಡಳು. ಅಳಲಿಲ್ಲ, ಜಗಳವಾಡಲೂ ಇಲ್ಲ.

"ಬ್ಯಾಂಕಲ್ಲಿ ಎಲ್ರ ಮುಂದೆ ಅವರೇ ಇಟ್ಟವ್ರೆ ಕಣ್ರವ್ವಾ. ಅಳಿಸ್ಬೇಕು ಅಂದ್ರೆ ಅವರೇ ಬರ್ಲಿ."