‘ಊಟ ಆಯ್ತಾ’ ಅನ್ನೋಕೆ ಹದಿನೈದು ದಿನ

ನಾಟಕದ ಮೇಷ್ಟ್ರ ಕೆಲಸದಲ್ಲಿ ನಗೆಪಾಟಲು ತಪ್ಪಿದ್ದಲ್ಲ. ಆದರೆ ಇಷ್ಟು ವರ್ಷ ನಗೆಪಾಟಲಾಗುತ್ತಿದ್ದವರು ನನ್ನ ಶಿಷ್ಯರು. ಈ ಸಲ ಸರದಿ ನನ್ನದಾಯ್ತು.

ನಾನು ಹನಗೋಡಿನವನು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಲ್ಲಿ ಹಾರ್ಮೋನಿಯಂ ಹೊತ್ತು ಮೂವತ್ತು ವರ್ಷ ಪೌರಾಣಿಕ ನಾಟಕ ಕಲಿಸಿದ್ದೀನಿ. ಹೊಗೆಸೊಪ್ಪು ಬೆಳೆಯೋರು, ಕೋಳಿ ಅಂಗಡಿಯೋರು, ಯಾರು ಬಂದರೂ ರಾಜರನ್ನಾಗಿ ಮಾಡಿದ ಕೈ ಇದು. ಹಿಂಗಿರುವಾಗ ಧಾರಾವಾಹಿಯೊಂದರಲ್ಲಿ ಹಳ್ಳಿ ಅಪ್ಪನ ಪಾತ್ರಕ್ಕೆ ಮೈಸೂರಲ್ಲಿ ಆಡಿಷನ್ ಅಂತ ಗೊತ್ತಾಯ್ತು. ಹೇಳಬೇಕಾದ ಮಾತನ್ನೂ ಹದಿನೈದು ದಿನ ಮೊದಲೇ ಫೋನಿಗೆ ಕಳಿಸಿದ್ದರು. ಗಂಡನ ಮನೆಯಿಂದ ಮುನಿಸಿಕೊಂಡು ಬಂದ ಮಗಳನ್ನ ಕಂಡು ಅಪ್ಪ ಕೇಳೋದು ಇಷ್ಟೇ: ‘ಯಾವಾಗ ಬಂದ್ಯವ್ವಾ? ಊಟ ಆಯ್ತಾ?’

ಅಯ್ಯೋ, ಇದೂ ಒಂದು ಪಾತ್ರವಾ ಅಂದುಕೊಂಡೆ. ನಮ್ಮೂರ ಹುಡುಗರು ನನಗಿಂತ ಮುಂದೆ ಹೋಗಿ, ‘ಕಿರುತೆರೆಗೆ ಕಾಲಿಟ್ಟ ಮೇಷ್ಟ್ರಿಗೆ ಅಭಿನಂದನೆಗಳು’ ಅಂತ ಸರ್ಕಲ್ಲಲ್ಲಿ ಫ್ಲೆಕ್ಸ್ ಹಾಕಿಸಿಯೇಬಿಟ್ಟರು. ಪಾತ್ರ ಸಿಗದಿದ್ದರೆ ದಿನಾ ಅದರ ಕೆಳಗೇ ಓಡಾಡಬೇಕಲ್ಲ! ನನಗಿದ್ದ ಭಯ ಅದೊಂದೇ.

ಮನೆಯಲ್ಲಿ

ಮೊದಲ ತಾಲೀಮು ನಡುಮನೆಯಲ್ಲಿ. ಒಂದು ಹೆಜ್ಜೆ ಮುಂದಿಟ್ಟು, ಎದೆ ಉಬ್ಬಿಸಿ, ‘ಯಾವಾಗಾ... ಬಂದ್ಯವ್ವಾ!’ ಅಂದೆ. ಹಿತ್ತಲಲ್ಲಿದ್ದ ಎಮ್ಮೆ ಹಗ್ಗ ಕಿತ್ತುಕೊಳ್ತು. ಪಕ್ಕದ ಮನೆಯಾಕೆ ಕೈಲಿದ್ದ ಪೊರಕೆ ಸಮೇತ ಓಡಿ ಬಂದು, ‘ಯಾಕಣ್ಣೋ, ಅಕ್ಕನ ಮ್ಯಾಲೆ ಅಂಗ್ಯಾಕೆ ಕೂಗಾಡ್ತೀಯ?’ ಅಂದಳು.

ನಮ್ಮನೆಯವಳು ಒಲೆ ಮುಂದಿಂದ ಏಳಲೂ ಇಲ್ಲ. ‘ಜಗಳ ಅಲ್ಲ ಕಣಮ್ಮಿ. ಊಟ ಆಯ್ತಾ ಅಂತ ಕೇಳ್ತಾವ್ರೆ, ಅಷ್ಟೆ.’

ಬಸ್ ಸ್ಟ್ಯಾಂಡಲ್ಲಿ

ಆಮೇಲೆ ನಮ್ಮನೆಯವಳೇ ಬುದ್ಧಿ ಹೇಳಿದಳು. ‘ಅದು ಡೈಲಾಗು ಅನ್ನೋದ ಮರ್ತ್‌ಬುಡಿ. ಎದುರಿಗಿರೋರ ಮಕ ನೋಡಿ ಕೇಳಿ.’

ಸರಿ, ಹುಣಸೂರು ಬಸ್ ಸ್ಟ್ಯಾಂಡಲ್ಲಿ ಕಲ್ಲುಬೆಂಚಿನ ಮೇಲೆ ಒಬ್ಬರು ವಯಸ್ಸಾದ ಯಜಮಾನರು ಕೂತಿದ್ದರು. ಗುರುತಿಲ್ಲ, ಪರಿಚಯವಿಲ್ಲ. ಪಕ್ಕ ಕೂತು ಮುಖ ನೋಡಿ, ‘ಯಾವಾಗ ಬಂದ್ರಿ? ಊಟ ಆಯ್ತಾ?’ ಅಂದೆ. ಬೆಣ್ಣೆಯಂಗೆ ಬಂತು ಮಾತು! ನನಗೇ ಖುಷಿಯಾಯ್ತು.

‘ಇಲ್ಲ ಕಣಪ್ಪ’ ಅಂದವರೇ ಚೀಲ ಹೆಗಲಿಗೇರಿಸಿ ಎದ್ದರು. ‘ನಡಿ, ಓಗವ.’

ಕೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ? ಹೋಟೆಲಿಗೆ ಕರಕೊಂಡು ಹೋದೆ. ಎರಡು ಮುದ್ದೆ, ಉಪ್ಸಾರು, ಮೇಲೊಂದು ತಟ್ಟೆ ಅನ್ನ ನಿಧಾನವಾಗಿ ಮುಗಿಸಿದರು. ಕೈ ತೊಳೆಯುವಾಗ ನನ್ನ ಕಡೆ ತಿರುಗಿ, ‘ಅಂದಂಗೆ, ನೀನು ಯಾರ್ಲಾ ಮಗಾ?’ ಅಂದರು.

ಶಿಷ್ಯನ ಅಂಗಡಿಯಲ್ಲಿ

ಕೆ.ಆರ್. ನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿರೋ ಶಿಷ್ಯನೊಬ್ಬ ವಿಡಿಯೋ ಮಾಡಿ ತೋರಿಸ್ತೀನಿ ಅಂದ. ‘ಯಾವಾಗ ಬಂದ್ಯವ್ವಾ?’ ಅಂದೆ, ಚೆನ್ನಾಗೇ ಬಂತು. ಅಲ್ಲಿಗೆ ನಿಂತೆ. ಅವನು ಫೋನು ಹಿಡಿದು ಕಾದ. ನಾನೂ ಕಾದೆ. ಗಿರಾಕಿಗಳೂ ಕಾದರು.

‘ಮೇಷ್ಟ್ರೇ, ಮುಂದಿನ ಮಾತು ಮರೆತೋಯ್ತಾ?’

‘ಮರೆಯೋದೇನ್ಲಾ! ಮಾತಿನ ನಡುವೆ ಹಾರ್ಮೋನಿಯಂ ಬರ್ಲಿ ಇರು.’

ಮೈಸೂರಲ್ಲಿ

ಆಡಿಷನ್ ದಿನ ನನಗೆ ಒಂದಿಷ್ಟೂ ಅಳುಕಿರಲಿಲ್ಲ. ಒಳಗೆ ನಿರ್ದೇಶಕರು, ಕ್ಯಾಮೆರಾದವರು, ಮಗಳ ಪಾತ್ರದ ಹುಡುಗಿ. ಇನ್ನೊಬ್ಬ ಉದ್ದನೆ ಕೋಲಿನ ತುದಿಗೆ ಮೈಕು ಕಟ್ಟಿ ನನ್ನ ತಲೆ ಮೇಲೆ ಹಿಡಿದಿದ್ದ.

ನಮ್ಮ ನಾಟಕಗಳಲ್ಲಿ ಮೈಕು ಸ್ಟೇಜಿನ ಮೇಲಿಂದ ತೂಗ್ತಿರುತ್ತೆ. ಎಂಥಾ ಚಕ್ರವರ್ತಿಯಾದರೂ ಅದರ ಕೆಳಗೆ ಬಂದು, ಮುಖ ಮೇಲೆತ್ತಿಯೇ ಮಾತಾಡಬೇಕು. ಅದೇ ಅಭ್ಯಾಸ. ಹುಡುಗಿಯನ್ನ ಬಿಟ್ಟು, ಕತ್ತೆತ್ತಿ ಮೈಕಿಗೆ, ‘ಯಾವಾಗ ಬಂದ್ಯವ್ವಾ?’ ಅಂದೆ. ಅವನು ಮೈಕು ಮೇಲಕ್ಕೆತ್ತಿದ. ನಾನು ತುದಿಗಾಲಲ್ಲಿ ನಿಂತೆ. ಅವನು ಇನ್ನೂ ಎತ್ತಿದ. ನಾನು ಪಕ್ಕದ ಸ್ಟೂಲು ಹತ್ತಿದೆ.

ಕೊನೆಗೆ ತಡೆಯಲಾಗದೆ, ‘ಲೋ ತಮ್ಮ, ಯಾಕ್ಲಾ ಅಂಗೆ ಎತ್ತೀಯ? ತೋಳು ನಡುಗ್ತಾ ಅದೆ ನೋಡು. ಬೆಳಗ್ಗಿಂದ ನಿಂತಿದ್ದೀಯ, ಊಟ ಆಯ್ತಾ?’ ಅಂದೆ.

ನಿರ್ದೇಶಕರು ಕುರ್ಚಿಯಿಂದ ಹಾರಿ ಎದ್ದರು. ‘ಇದು! ಇದು ನನಗೆ ಬೇಕಾಗಿದ್ದು! ಹಿಂಗೇ ಇನ್ನೊಂದ್ಸಲ ಹೇಳಿ, ಕ್ಯಾಮೆರಾ ಓಡ್ತಿದೆ.’

ಓಡ್ತಿದೆ ಅಂದಿದ್ದೇ ತಡ, ನನ್ನ ಎದೆ ತಾನಾಗೇ ಉಬ್ಬಿತು. ‘ಯಾವಾಗಾ...’ ಹುಡುಗಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

ನಿರ್ದೇಶಕರು ತಲೆ ಮೇಲೆ ಕೈಹೊತ್ತು ಕೂತರು. ಕ್ಯಾಮೆರಾದವರ ಕಿವಿಯಲ್ಲಿ ಏನೋ ಹೇಳಿ, ನನ್ನ ಕೈ ಕುಲುಕಿದರು. ‘ಪಾತ್ರ ನಿಮ್ಮದೇ ಮೇಷ್ಟ್ರೇ. ಒಂದೇ ಷರತ್ತು. ಕ್ಯಾಮೆರಾ ಯಾವಾಗ ಓಡುತ್ತೆ ಅಂತ ನಿಮಗೆ ಹೇಳಲ್ಲ.’

ಶೂಟಿಂಗಿನ ಮೊದಲ ದಿನ ಪಂಚೆ ಉಡಿಸಿ ಒಂದು ಜಗಲಿ ಮೇಲೆ ಕೂರಿಸಿದರು. ಆ ಹುಡುಗಿ ಬ್ಯಾಗು ಹಿಡಿದು ಬಂದು ಪಕ್ಕ ಕೂತು ಕಣ್ಣೊರೆಸಿಕೊಂಡಳು. ಪಾಪ, ಯಾರೋ ಬೈದಿರಬೇಕು ಅಂತ ಸಮಾಧಾನ ಮಾಡಿ, ಊಟ ಆಯ್ತಾ ಅಂತ ವಿಚಾರಿಸಿ, ನನಗೆ ತಂದುಕೊಟ್ಟಿದ್ದ ಊಟದ ತಟ್ಟೆಯನ್ನೇ ಅವಳ ಮುಂದಿಟ್ಟೆ. ಆಮೇಲೂ ಎರಡು ಸಲ ಬಂದಳು, ಅತ್ತೆ ಮನೆ ಕಷ್ಟ ಹೇಳಿಕೊಂಡಳು. ‘ಅಂಥಾ ಮನೆಗೆ ಯಾಕವ್ವಾ ಓಗ್ತೀಯ, ಇಲ್ಲೇ ಇರು’ ಅಂದೆ. ಟೀ ಬಂತು, ಕುಡಿದೆ. ಹೊತ್ತು ಇಳೀತು. ನನ್ನನ್ನ ಕರೆಯೋ ಸುದ್ದಿಯೇ ಇಲ್ಲ.

ತಡೆಯಲಾರದೆ ಎದ್ದು ಹೋಗಿ ನಿರ್ದೇಶಕರನ್ನೇ ಗದರಿಸಿದೆ. ‘ಸಾರ್, ಬೆಳಗ್ಗಿಂದ ಒಂದೇ ಕಡೆ ಕೂತಿದ್ದೀನಿ. ನನ್ನ ಸೀನು ಯಾವಾಗ?’

‘ಮೂರೂ ಮುಗಿದ್ವು ಮೇಷ್ಟ್ರೇ’ ಅಂದರು. ‘ಹೋಗಿ ಪಂಚೆ ಬದಲಾಯಿಸ್ಕೊಳ್ಳಿ.’